ಕುದುರೆಗಳ ಜೊತೆ ಮೊದಲ ಸಲ ಕ್ಯಾಂಪಿಂಗ್‌ಗೆ ಹೋಗುತ್ತಿದ್ದೇವೆ, ಏನೇನು ತಯಾರಿ ಬೇಕು?

ನಿಮ್ಮ ಹತ್ತಿರ ಎರಡು ಕುದುರೆ ಇವೆ, ಸವಾರಿ ಚೆನ್ನಾಗಿ ರೂಢಿಯಾಗಿದೆ, ಮುಂದಿನ ತಿಂಗಳು ಕುದುರೆಗಳಿಗೆ ಜಾಗ ಕೊಡುವ ಕ್ಯಾಂಪ್‌ಗ್ರೌಂಡ್‌ನಲ್ಲಿ ಎರಡು ರಾತ್ರಿ ಇರಬೇಕು ಅಂತಿದ್ದೀರಿ. ಏನೇನು ತಗೊಂಡು ಹೋಗಬೇಕು, ರಾತ್ರಿ ಮರಕ್ಕೆ ಕಟ್ಟಿದರೆ ಸಾಕಾ, ಒಂದನ್ನು ಕ್ಯಾಂಪ್‌ನಲ್ಲೇ ಬಿಟ್ಟು ಇನ್ನೊಂದರ ಮೇಲೆ ಸವಾರಿ ಹೋಗಬಹುದಾ ಅಂತ ಕೇಳಿದ್ದೀರಿ. ನಾನು ಹನ್ನೊಂದು ವರ್ಷದಿಂದ ಹೀಗೆ ಹೋಗಿ ಬರುತ್ತಿದ್ದೇನೆ. ನನಗೆ ತಿಳಿದಷ್ಟು ಹೇಳುತ್ತೇನೆ.

ಮೊದಲ ಸಲ ಹೊರಟವರೆಲ್ಲ ಸವಾರಿಯ ಬಗ್ಗೆಯೇ ಯೋಚಿಸುತ್ತಾರೆ. ಯಾವ ದಾರಿ, ಎಷ್ಟು ದೂರ, ಯಾವ ಜೀನು. ಆದರೆ ಲೆಕ್ಕ ಹಾಕಿ ನೋಡಿ. ನೀವು ಕುದುರೆ ಮೇಲೆ ಇರುವುದು ಹೆಚ್ಚೆಂದರೆ ದಿನಕ್ಕೆ ನಾಲ್ಕೈದು ಗಂಟೆ. ಉಳಿದ ಹೊತ್ತೆಲ್ಲ ಅದು ಗೊತ್ತಿಲ್ಲದ ಜಾಗದಲ್ಲಿ, ಗೊತ್ತಿಲ್ಲದ ವಾಸನೆಗಳ ನಡುವೆ ಕಟ್ಟಿದಲ್ಲೇ ನಿಂತಿರುತ್ತದೆ. ಅದರಲ್ಲೂ ರಾತ್ರಿ. ತಯಾರಿ ಬೇಕಾಗಿರುವುದು ಆ ರಾತ್ರಿಗೆ.

ನನಗೆ ಇದು ಗೊತ್ತಾಗಿದ್ದು ಮೊದಲ ಸಲ ಹೋದಾಗಲೇ. ನನ್ನ ಕುದುರೆ ಕೆಂಚನನ್ನು ಒಂದು ಮರದ ಬುಡಕ್ಕೆ ಕಟ್ಟಿದ್ದೆ. ಹುಲ್ಲು ಮೇಯಲಿ, ಆರಾಮಾಗಿ ಮಲಗಲಿ ಅಂತ ಹಗ್ಗ ಉದ್ದಕ್ಕೇ ಬಿಟ್ಟಿದ್ದೆ. ರಾತ್ರಿ ಎರಡು ಗಂಟೆ ಹೊತ್ತಿಗೆ ಏನೋ ಎಳೆದಾಡುವ ಸದ್ದಾಗಿ ಎದ್ದೆ. ಟಾರ್ಚ್ ಬಿಟ್ಟರೆ ಹಗ್ಗ ಹಿಂಗಾಲಿಗೆ, ಗೊರಸಿನ ಮೇಲಿನ ಕುಳಿಗೆ ಸುತ್ತಿಕೊಂಡಿತ್ತು. ಕೆಂಚ ಮೂರು ಕಾಲಿನ ಮೇಲೆ ನಿಂತು ಮೈಯೆಲ್ಲ ನಡುಗುತ್ತಿದ್ದ. ಹಗ್ಗ ಎಷ್ಟು ಬಿಗಿಯಾಗಿತ್ತು ಅಂದರೆ ಗಂಟು ಬಿಚ್ಚಲು ಆಗಲೇ ಇಲ್ಲ, ಚಾಕುವಿನಿಂದ ಕೊಯ್ದೆ. ಕಾದ ಕಬ್ಬಿಣ ಇಟ್ಟ ಹಾಗೆ ಚರ್ಮ ಸುಲಿದು ಹೋಗಿತ್ತು. ವಾಸಿಯಾಗಲು ಆರು ವಾರ ಬೇಕಾಯಿತು. ಆ ಜಾಗದಲ್ಲಿ ಈಗಲೂ ಕೂದಲು ಬಿಳಿ. ದಿನಾ ಗೊರಸು ಕೆರೆಯುವಾಗ ಅದು ಕಣ್ಣಿಗೆ ಬೀಳುತ್ತದೆ.

ಹಾಗಾಗಿ ಮರಕ್ಕೆ ನೇರವಾಗಿ ಕಟ್ಟಬೇಡಿ. ಅದು ಕುದುರೆಗೂ ಒಳ್ಳೆಯದಲ್ಲ, ಮರಕ್ಕೂ ಒಳ್ಳೆಯದಲ್ಲ. ಬೇಜಾರಾದ ಕುದುರೆ ತೊಗಟೆ ಕಡಿಯುತ್ತದೆ, ಮುಂಗಾಲಿನಿಂದ ಕೆರೆದು ಕೆರೆದು ಬೇರು ತೆರೆಯುತ್ತದೆ. ತುಂಬಾ ಕ್ಯಾಂಪ್‌ಗ್ರೌಂಡ್‌ಗಳಲ್ಲಿ ಇದಕ್ಕೆ ಅನುಮತಿಯೇ ಇಲ್ಲ. ಕೆಲವು ಕಡೆ ಕುದುರೆಗೆ ಅಂತಲೇ ಗೂಡು ಇರುತ್ತದೆ, ಕೆಲವು ಕಡೆ ಕಬ್ಬಿಣದ ಸರಳಿನ ಸಣ್ಣ ಆವರಣ. ನಿಮ್ಮ ಮೊದಲ ಪ್ರವಾಸಕ್ಕೆ ಇಂಥ ಆವರಣ ಇರುವ ಜಾಗವನ್ನೇ ಆರಿಸಿಕೊಳ್ಳಿ ಅಂತ ನನ್ನ ಸಲಹೆ. ಅದು ಸಿಗದಿದ್ದರೆ ಹೈಲೈನ್.

ಹೈಲೈನ್ ಅಂದರೆ ಎರಡು ಗಟ್ಟಿ ಮರಗಳ ನಡುವೆ, ಅಥವಾ ಕ್ಯಾಂಪ್‌ನವರು ನೆಟ್ಟಿರುವ ಕಂಬಗಳ ನಡುವೆ, ಕುದುರೆಯ ತಲೆಗಿಂತ ಮೇಲೆ ಬಿಗಿಯಾಗಿ ಎಳೆದು ಕಟ್ಟಿದ ಹಗ್ಗ. ನೆಲದಿಂದ 7 ಅಡಿಯಾದರೂ ಎತ್ತರ ಬೇಕು. ಮರಕ್ಕೆ ಹಗ್ಗ ನೇರವಾಗಿ ಸುತ್ತಬಾರದು, ಎರಡು ಇಂಚಿಗಿಂತ ಅಗಲದ ಪಟ್ಟಿ ಸುತ್ತಿ ಅದಕ್ಕೆ ಕಟ್ಟಬೇಕು. ಮೇಲಿನ ಹಗ್ಗದಲ್ಲಿ ತಿರುಗುವ ಕೊಂಡಿ ಹಾಕಿ, ಅದರಿಂದ ಕುದುರೆಯ ಹಗ್ಗ ಇಳಿಬಿಡಬೇಕು. ಕೊಂಡಿ ತಿರುಗದಿದ್ದರೆ ಬೆಳಗಾಗುವಷ್ಟರಲ್ಲಿ ಹಗ್ಗ ಹುರಿಗೊಂಡು ಗಿಡ್ಡ ಆಗಿರುತ್ತದೆ.

ಇಲ್ಲಿ ಎಲ್ಲಕ್ಕಿಂತ ಮುಖ್ಯವಾದದ್ದು ಇಳಿಬಿಟ್ಟ ಹಗ್ಗದ ಉದ್ದ. ಕುದುರೆ ತಲೆ ತಗ್ಗಿಸಿದಾಗ ಮೂತಿ ನೆಲಕ್ಕೆ ತಾಗಬೇಕು, ಅಷ್ಟೇ. ಅದಕ್ಕಿಂತ ಒಂದು ಗೇಣು ಜಾಸ್ತಿ ಬಿಟ್ಟರೂ ಕಾಲು ದಾಟಿಸುತ್ತದೆ. ತೀರಾ ಗಿಡ್ಡ ಮಾಡಿದರೆ ಮಲಗಲು ಆಗುವುದಿಲ್ಲ. ಕುದುರೆ ನಿಂತೇ ನಿದ್ದೆ ಮಾಡುತ್ತದೆ ಅಂತ ಎಲ್ಲರೂ ಹೇಳುತ್ತಾರೆ, ಆದರೆ ಅದು ಬರೀ ತೂಕಡಿಕೆ. ಕನಸು ಬೀಳುವಂಥ ಗಾಢ ನಿದ್ದೆಗೆ ಅದು ಮಲಗಲೇಬೇಕು. ದಿನಕ್ಕೆ ಅರ್ಧ ಗಂಟೆಯಿಂದ ಒಂದು ಗಂಟೆ ಸಾಕು, ಆದರೆ ಅಷ್ಟು ಬೇಕೇ ಬೇಕು. ಹೊಸ ಜಾಗದಲ್ಲಿ ಮೊದಲ ರಾತ್ರಿ ತುಂಬಾ ಕುದುರೆಗಳು ಹೆದರಿಕೆಯಿಂದ ಮಲಗುವುದೇ ಇಲ್ಲ. ಎರಡನೇ ದಿನದ ಸವಾರಿ ಚಿಕ್ಕದಾಗಿ ಇಟ್ಟುಕೊಳ್ಳಿ ಅಂತ ನಾನು ಹೇಳುವುದು ಇದಕ್ಕೇ.

ಎರಡು ಕುದುರೆಗಳ ನಡುವೆ 10 ಅಡಿಗಿಂತ ಜಾಸ್ತಿ ಜಾಗ ಇರಲಿ. ಮರಕ್ಕೂ ಕುದುರೆಗೂ ನಡುವೆ ಆರೇಳು ಅಡಿ ಇರಲಿ. ಎಳೆದ ತಕ್ಷಣ ಬಿಚ್ಚಿಕೊಳ್ಳುವ ಗಂಟು ಹಾಕಿ. ಚಾಕು ದಿಂಬಿನ ಹತ್ತಿರವೇ ಇರಲಿ. ಯಾವ ಮರ ಅಂತಲೂ ನೋಡಿ. ರೆಡ್ ಮೇಪಲ್ ಮರದ ಬಾಡಿದ ಎಲೆ ಕುದುರೆಗೆ ವಿಷ, ರಕ್ತದ ಕೆಂಪು ಕಣಗಳನ್ನೇ ಒಡೆದು ಹಾಕುತ್ತದೆ. ಯೂ ಮರ, ಕಣಗಿಲೆ ಗಿಡ ಕೂಡ ಅಪಾಯ. ಬೀಸಿದ ಗಾಳಿಗೆ ಮುರಿದು ಬಿದ್ದ ಕೊಂಬೆಯನ್ನೂ ಎತ್ತಿ ದೂರ ಹಾಕಿ.

ಎಲ್ಲಿಗೆ ಬೇಕಾದರೂ ಒಯ್ಯಬಹುದಾದ ಕರೆಂಟ್ ಬೇಲಿಯನ್ನು ತುಂಬಾ ಜನ ಹೊಗಳುತ್ತಾರೆ. ಮೊದಲ ಸಲಕ್ಕೆ ನನಗೆ ಅದರ ಮೇಲೆ ನಂಬಿಕೆ ಇಲ್ಲ. ಜಿಂಕೆ ಹಾರಿದ ಸದ್ದಿಗೆ ಬೆದರಿದ ಕುದುರೆಗೆ ಆ ತೆಳು ದಾರ ಕಾಣಿಸುವುದೇ ಇಲ್ಲ.

ಈಗ ಅಸಲು ವಿಷಯ. ಇದನ್ನೆಲ್ಲ ಮನೆಯಲ್ಲೇ ಮಾಡಿ ನೋಡಿ. ಹೊರಡುವ ಮೊದಲು ನಿಮ್ಮ ಹಿತ್ತಲಿನಲ್ಲೋ ಲಾಯದ ಹತ್ತಿರವೋ ಹೈಲೈನ್ ಕಟ್ಟಿ. ಮೊದಲ ದಿನ ಒಂದು ಗಂಟೆ. ಆಮೇಲೆ ಒಂದು ಮಧ್ಯಾಹ್ನ ಪೂರ್ತಿ. ಆಮೇಲೆ ಒಂದು ರಾತ್ರಿ, ನೀವೂ ಪಕ್ಕದಲ್ಲೇ ಟೆಂಟ್ ಹಾಕಿಕೊಂಡು. ಟೆಂಟ್ ಬಟ್ಟೆ ಗಾಳಿಗೆ ಪಟಪಟ ಅನ್ನುವುದು, ಜಿಪ್ ಎಳೆಯುವ ಸದ್ದು, ತಲೆಗೆ ಕಟ್ಟಿದ ದೀಪದ ಬೆಳಕು ತನ್ನ ಕಡೆ ತೂಗಾಡುತ್ತಾ ಬರುವುದು, ಇವೆಲ್ಲ ಕುದುರೆಗೆ ಹೊಸದು. ಮನೆಯಲ್ಲಿ ಹೆದರಿದರೆ ಸಮಾಧಾನ ಮಾಡಬಹುದು. ಅಲ್ಲಿ ಹೆದರಿ ಕಿತ್ತುಕೊಂಡು ಓಡಿದರೆ ಕತ್ತಲಲ್ಲಿ ಎಲ್ಲಿ ಅಂತ ಹುಡುಕುತ್ತೀರಿ? ಹಾಲ್ಟರ್‌ಗೆ ಅಂದರೆ ಕುದುರೆಯ ತಲೆಗೆ ತೊಡಿಸುವ ಪಟ್ಟಿಗೆ, ನಿಮ್ಮ ಫೋನ್ ನಂಬರ್ ಬರೆದ ಬಿಲ್ಲೆ ಹಾಕುವುದನ್ನು ಮರೆಯಬೇಡಿ. ಮನೆಯ ನಂಬರ್ ಅಲ್ಲ, ಆ ರಾತ್ರಿ ನಿಮ್ಮ ಜೇಬಿನಲ್ಲಿರುವ ಫೋನಿನ ನಂಬರ್.

ಕಟ್ಟುವುದು ಬಿಟ್ಟರೆ ನನಗೆ ಹೆಚ್ಚು ಭಯ ಹೊಟ್ಟೆಯದು. 450-500 ಕಿಲೋ ತೂಕದ ಕುದುರೆ ದಿನಕ್ಕೆ 20ರಿಂದ 40 ಲೀಟರ್ ನೀರು ಕುಡಿಯುತ್ತದೆ, ಬಿಸಿಲಲ್ಲಿ ದುಡಿದರೆ ಇನ್ನೂ ಜಾಸ್ತಿ. ಹೊಸ ಜಾಗದ ನೀರಿನ ರುಚಿ ಬೇರೆ. ಮೂಸಿ ನೋಡಿ ಮೂತಿ ತಿರುಗಿಸಿಬಿಡುತ್ತದೆ. ನೀರು ಕಡಿಮೆಯಾದರೆ ಹೊಟ್ಟೆಯಲ್ಲಿ ಒಣಹುಲ್ಲು ಗಟ್ಟಿಯಾಗಿ ಕಟ್ಟಿಕೊಳ್ಳುತ್ತದೆ, ಕಾಲಿಕ್ ಅನ್ನುವ ಹೊಟ್ಟೆನೋವು ಶುರುವಾಗುತ್ತದೆ. ಕುದುರೆಗೆ ವಾಂತಿ ಮಾಡಲು ಆಗುವುದಿಲ್ಲ, ಒಳಗೆ ಹೋದದ್ದು ಹಿಂದಿನಿಂದಲೇ ಬರಬೇಕು. ಅದಕ್ಕೇ ಅದರ ಹೊಟ್ಟೆನೋವು ಜೀವಕ್ಕೆ ಬರುವುದು.

ನಾನು ಮಾಡುವುದು ಹೀಗೆ. ಹೊರಡುವ ಒಂದು ವಾರ ಮೊದಲಿನಿಂದ ಮನೆಯ ನೀರಿಗೇ ಸ್ವಲ್ಪ ಸೇಬಿನ ರಸ ಬೆರೆಸುತ್ತೇನೆ. ಆ ರುಚಿ ರೂಢಿಯಾದರೆ ಕ್ಯಾಂಪ್‌ನ ನೀರಿಗೂ ಅದನ್ನೇ ಬೆರೆಸಬಹುದು, ವ್ಯತ್ಯಾಸ ಗೊತ್ತಾಗುವುದಿಲ್ಲ. ಮೊದಲ ದಿನಕ್ಕೆ ಮನೆಯ ನೀರನ್ನೇ ಕ್ಯಾನ್‌ನಲ್ಲಿ ತುಂಬಿಕೊಳ್ಳುತ್ತೇನೆ. ಹುಲ್ಲನ್ನು ನೆನೆಸಿ ಕೊಡುತ್ತೇನೆ. ಹುಲ್ಲು ಮಾತ್ರ ದಿನಾ ತಿನ್ನುವುದೇ ಆಗಿರಬೇಕು. ಮೈತೂಕದ ನೂರಕ್ಕೆ ಎರಡು ಪಾಲು, ಅಂದರೆ ದಿನಕ್ಕೆ ಸುಮಾರು 10 ಕಿಲೋ ಒಂದು ಕುದುರೆಗೆ. ಒಂದು ದಿನದ್ದು ಜಾಸ್ತಿಯೇ ಇರಲಿ. ಮೇವು ಬದಲಾಯಿಸಲೇಬೇಕು ಅಂದರೆ ಒಂದು ವಾರ ಹತ್ತು ದಿನ ಮೊದಲೇ ಸ್ವಲ್ಪ ಸ್ವಲ್ಪ ಬೆರೆಸುತ್ತಾ ಬನ್ನಿ.

ರಾತ್ರಿ ಮಲಗುವ ಮೊದಲು ಕಡೆಯ ಪಕ್ಕೆಲುಬಿನ ಹಿಂದೆ, ಹೊಟ್ಟೆಯ ಮೇಲೆ ಕಿವಿ ಇಟ್ಟು ಕೇಳಿ. ಎರಡೂ ಕಡೆ. ಗುಡುಗುಡು ಅಂತ, ದೂರದಲ್ಲಿ ಗುಡುಗಿದ ಹಾಗೆ, ನಡುನಡುವೆ ನೀರು ಸುರಿದ ಹಾಗೆ ಸದ್ದು ಬರುತ್ತಿರಬೇಕು. ಬೆಚ್ಚಗಿನ ಮೈ, ಉಸಿರಿಗೆ ಏರಿಳಿಯುವ ಪಕ್ಕೆ, ಒಳಗೆ ಆ ಸದ್ದು. ಅದು ಕೇಳಿಸಿದರೆ ನೆಮ್ಮದಿಯಾಗಿ ಮಲಗಬಹುದು. ಒಂದೆರಡು ನಿಮಿಷ ಕೇಳಿದರೂ ಏನೂ ಸದ್ದಿಲ್ಲ, ಮೇವು ಬಿಟ್ಟಿದೆ, ಲದ್ದಿ ಹಾಕಿಲ್ಲ, ತಿರುಗಿ ತಿರುಗಿ ಹೊಟ್ಟೆ ನೋಡಿಕೊಳ್ಳುತ್ತಿದೆ, ನೆಲ ಕೆರೆಯುತ್ತಾ ಮಲಗಿ ಏಳುತ್ತಿದೆ ಅಂದರೆ ಬೆಳಗಾಗಲಿ ಅಂತ ಕಾಯಬೇಡಿ, ಆಗಲೇ ಪಶುವೈದ್ಯರಿಗೆ ಫೋನ್ ಮಾಡಿ. ಕ್ಯಾಂಪ್‌ಗೆ ಹತ್ತಿರದ ವೈದ್ಯರು ಯಾರು, ರಾತ್ರಿ ಬರುತ್ತಾರಾ ಅಂತ ಮೊದಲೇ ಕೇಳಿ ನಂಬರ್ ಬರೆದಿಟ್ಟುಕೊಳ್ಳಿ. ನಿಮ್ಮ ಕುದುರೆಗಳ ನಾಡಿ, ಜ್ವರದ ಲೆಕ್ಕವನ್ನೂ ಮನೆಯಲ್ಲೇ ಒಂದು ವಾರ ಬರೆದಿಡಿ. ಸುಮ್ನೆ ನಿಂತಿರುವಾಗ ನಾಡಿ ನಿಮಿಷಕ್ಕೆ 28ರಿಂದ 44, ಮೈಶಾಖ 37.2ರಿಂದ 38.3 ಡಿಗ್ರಿ ಸೆಲ್ಸಿಯಸ್ ಇರುತ್ತದೆ. ಆದರೆ ನಿಮ್ಮ ಕುದುರೆಯದು ಎಷ್ಟು ಅಂತ ಗೊತ್ತಿದ್ದರೆ ಫೋನ್‌ನಲ್ಲಿ ವೈದ್ಯರಿಗೆ ಹೇಳಲು ಸುಲಭ.

ಕ್ಯಾಂಪ್‌ನಲ್ಲಿ ಎಲ್ಲ ಕುದುರೆಗಳಿಗೂ ಅಂತ ಒಂದು ನೀರಿನ ತೊಟ್ಟಿ ಇರುತ್ತದೆ. ಅದರಲ್ಲಿ ಕುಡಿಸಬೇಡಿ. ಸ್ಟ್ರಾಂಗಲ್ಸ್ ಅನ್ನುವ ಗಂಟಲು ರೋಗ ನೀರಿನಿಂದ, ಬಕೆಟ್‌ನಿಂದ, ಮೂಗಿಗೆ ಮೂಗು ತಾಗಿಸುವುದರಿಂದ ಹರಡುತ್ತದೆ. ನಿಮ್ಮ ಬಕೆಟ್ ನಿಮಗೆ. ತುಂಬುವಾಗ ಪೈಪಿನ ತುದಿಯನ್ನು ನೀರಿನಲ್ಲಿ ಮುಳುಗಿಸಬೇಡಿ. ಪಕ್ಕದವರ ಕುದುರೆ ಎಷ್ಟೇ ಮುದ್ದಾಗಿದ್ದರೂ ಮೂತಿ ತಾಗಿಸಲು ಬಿಡಬೇಡಿ, ಅವರು ಬೇಜಾರು ಮಾಡಿಕೊಳ್ಳುವುದಿಲ್ಲ.

ಕಾಗದಪತ್ರ ಊರೂರಿಗೆ ಬೇರೆ. ಅಮೆರಿಕದಲ್ಲಿ ಇಂಥ ಕ್ಯಾಂಪ್‌ಗ್ರೌಂಡ್‌ಗಳು ಜಾಸ್ತಿ, ಅಲ್ಲಿ ಬಹಳ ಕಡೆ ಕಾಗಿನ್ಸ್ ಪರೀಕ್ಷೆಯ ವರದಿ ಕೇಳುತ್ತಾರೆ. ಲೆರಾಯ್ ಕಾಗಿನ್ಸ್ ಅನ್ನುವ ಪಶುವೈದ್ಯರು 1970ರ ಆಸುಪಾಸಿನಲ್ಲಿ ಕಂಡುಹಿಡಿದ ರಕ್ತಪರೀಕ್ಷೆ ಅದು. ಕುದುರೆಗಳಿಗೆ ರಕ್ತಹೀನತೆ ತರುವ ಒಂದು ವೈರಸ್ ಇದೆಯೋ ಇಲ್ಲವೋ ಅಂತ ಅದು ತೋರಿಸುತ್ತದೆ. ಕಚ್ಚುವ ನೊಣದಿಂದ ಹರಡುವ ಆ ರೋಗಕ್ಕೆ ಅಲ್ಲಿ ಲಸಿಕೆಯೂ ಇಲ್ಲ, ಮದ್ದೂ ಇಲ್ಲ, ಅದಕ್ಕೇ ಅಷ್ಟು ಬಿಗಿ. ಯುರೋಪಿನಲ್ಲಾದರೆ ಕುದುರೆಗೇ ಪಾಸ್‌ಪೋರ್ಟ್ ಇರುತ್ತದೆ, ಅದು ಜೊತೆಗಿರಬೇಕು. ಅಮೆರಿಕದ ಪಶ್ಚಿಮದ ಅನೇಕ ಸರ್ಕಾರಿ ಕಾಡುಗಳಲ್ಲಿ ಕಳೆಬೀಜ ಇಲ್ಲದ್ದು ಅಂತ ಪ್ರಮಾಣಪತ್ರ ಇರುವ ಹುಲ್ಲನ್ನು ಮಾತ್ರ ಒಳಗೆ ಬಿಡುತ್ತಾರೆ. ಕಳೆಬೀಜ ಲದ್ದಿಯಲ್ಲಿ ಜೀವಂತವಾಗಿ ಹೊರಬಂದು ಅಲ್ಲೇ ಮೊಳೆಯುತ್ತದೆ. ಅಂಥ ಕಡೆ ಹೋಗುವುದಾದರೆ ಮೂರ್ನಾಲ್ಕು ದಿನ ಮೊದಲಿನಿಂದಲೇ ಆ ಹುಲ್ಲನ್ನು ಮಾತ್ರ ಕೊಡಿ. ನಿಮ್ಮ ಕ್ಯಾಂಪ್‌ನವರಿಗೆ ಫೋನ್ ಮಾಡಿ ಇದೆಲ್ಲ ಕೇಳಿ. ಜೊತೆಗೆ ಟ್ರೇಲರ್ ತಿರುಗಿಸಲು ಜಾಗ ಇದೆಯಾ, ಆ ತಿಂಗಳಲ್ಲಿ ನಲ್ಲಿಯಲ್ಲಿ ನೀರು ಬರುತ್ತಾ, ಲದ್ದಿ ಎಲ್ಲಿ ಹಾಕಬೇಕು ಅಂತಲೂ ಕೇಳಿ.

ಲದ್ದಿಯ ವಿಷಯದಲ್ಲಿ ನಾನು ತುಂಬಾ ಕಟ್ಟುನಿಟ್ಟು. ಕುದುರೆಗಳಿಗೆ ಜಾಗ ಕೊಡುವ ಕ್ಯಾಂಪ್‌ಗಳು ಹಾಗೇ ಉಳಿಯಬೇಕು ಅಂದರೆ ನಾವು ಎದ್ದು ಬಂದ ಜಾಗ ಚೊಕ್ಕಟವಾಗಿರಬೇಕು. ದಿನಕ್ಕೆ ಎರಡು ಸಲ ಬಾಚಿ ಅವರು ಹೇಳಿದ ಕಡೆ ಹಾಕಿ. ಹೊರಡುವಾಗ ಉಳಿದ ಹುಲ್ಲು ಗುಡಿಸಿ, ಕೆರೆದ ಗುಂಡಿ ಮುಚ್ಚಿ. ಹೊಳೆ, ಕೆರೆ ಇದ್ದರೆ 200 ಅಡಿ ದೂರದಲ್ಲೇ ಕಟ್ಟಿ.

ಪ್ರಯಾಣದ ಬಗ್ಗೆ ಸ್ವಲ್ಪದರಲ್ಲಿ ಹೇಳುತ್ತೇನೆ. ಮೂರ್ನಾಲ್ಕು ಗಂಟೆಗೊಮ್ಮೆ ನಿಲ್ಲಿಸಿ ನೀರು ತೋರಿಸಿ. ಟ್ರೇಲರ್‌ನಲ್ಲಿ ತಲೆಯನ್ನು ತೀರಾ ಎತ್ತಿ ಕಟ್ಟಬೇಡಿ. ತಲೆ ತಗ್ಗಿಸಿ ಕೆಮ್ಮಲು ಆಗದಿದ್ದರೆ ಧೂಳೆಲ್ಲ ಶ್ವಾಸಕೋಶಕ್ಕೆ ಇಳಿಯುತ್ತದೆ. ಬೆಳಕಿರುವಾಗಲೇ ತಲುಪಿ. ಇಳಿಸಿದ ಮೇಲೆ ಹಗ್ಗ ಹಿಡಿದು ಕ್ಯಾಂಪ್ ಸುತ್ತ ನಿಧಾನವಾಗಿ ನಡೆಸಿ, ಎಲ್ಲವನ್ನೂ ಮೂಸಿ ನೋಡಲಿ. ಸಾಮಾನಿನಲ್ಲಿ ಜನ ಮರೆಯುವುದು ಗೊರಸಿಗೆ ಹಾಕುವ ಬೂಟು. ದಾರಿಯಲ್ಲಿ ಲಾಳ ಕಳಚಿದರೆ ಅದೇ ಗತಿ. ಇನ್ನೊಂದು ಹಾಲ್ಟರ್, ಇನ್ನೊಂದು ಹಗ್ಗ, ಥರ್ಮಾಮೀಟರ್, ಬ್ಯಾಂಡೇಜ್, ನೊಣದ ಸ್ಪ್ರೇ ಇರಲಿ. ಒದೆಯುವ ಸ್ವಭಾವದ ಕುದುರೆ ಆಗಿದ್ದರೆ ಬಾಲಕ್ಕೆ ಕೆಂಪು ರಿಬ್ಬನ್ ಕಟ್ಟಿ. ಸವಾರರಿಗೆ ಅದರ ಅರ್ಥ ಗೊತ್ತಿರುತ್ತದೆ.

ಕಡೆಯದಾಗಿ, ಒಂದನ್ನು ಬಿಟ್ಟು ಹೋಗಬಹುದಾ ಅಂತ ಕೇಳಿದಿರಿ. ದಯವಿಟ್ಟು ಹಾಗೆ ಮಾಡಬೇಡಿ. ಆ ಹೊಸ ಜಾಗದಲ್ಲಿ ಅದಕ್ಕೆ ಗೊತ್ತಿರುವ ಜೀವ ಅಂದರೆ ಆ ಇನ್ನೊಂದು ಕುದುರೆ ಮಾತ್ರ, ಅಲ್ವಾ? ಜೊತೆಗಾರ ಮರೆಯಾದ ಕೂಡಲೇ ಕೆನೆಯಲು ಶುರು ಮಾಡುತ್ತದೆ, ನಿಂತಲ್ಲೇ ಸುತ್ತುತ್ತದೆ, ಬೆವರುತ್ತದೆ. ಹೀಗೆ ಬಿಟ್ಟು ಹೋದ ಒಂದು ಕುದುರೆಯ ಹತ್ತಿರ ಒಮ್ಮೆ ಎರಡು ಗಂಟೆ ನಿಂತಿದ್ದೇನೆ, ಅದರ ಮಾಲೀಕರು ಯಾರು ಅಂತಲೂ ನನಗೆ ಗೊತ್ತಿರಲಿಲ್ಲ. ಮುಂಗಾಲಿನಿಂದ ಕೆರೆದು ಮೊಣಕಾಲುದ್ದ ಗುಂಡಿ ತೋಡಿತ್ತು, ಎದೆಯ ಮೇಲೆ ಬೆವರಿನ ನೊರೆ. ಮನೆಯಲ್ಲಿ ಹತ್ತು ನಿಮಿಷ, ಇಪ್ಪತ್ತು ನಿಮಿಷ ಅಂತ ಬೇರೆ ಮಾಡಿ ರೂಢಿಸಬಹುದು, ಆದರೆ ಅದು ತಿಂಗಳುಗಟ್ಟಲೆ ಕೆಲಸ. ಈ ಸಲ ನೀವು ಇಬ್ಬರಿದ್ದರೆ ಎರಡೂ ಕುದುರೆಗಳನ್ನು ಜೊತೆಯಲ್ಲೇ ಸವಾರಿಗೆ ಕರೆದುಕೊಂಡು ಹೋಗಿ. ಆಗದಿದ್ದರೆ ಒಬ್ಬರು ಹೋಗಿ ಬರಲಿ, ಇನ್ನೊಬ್ಬರು ಉಳಿದ ಕುದುರೆಯ ಪಕ್ಕದಲ್ಲಿ ಕುರ್ಚಿ ಹಾಕಿಕೊಂಡು, ಆಗಾಗ ಒಂದು ಹಿಡಿ ಹುಲ್ಲು ಕೊಡುತ್ತಾ ಕೂತಿರಿ.