ಒಬ್ಬರೇ ಬರೆದ ಸಂಶೋಧನಾ ಲೇಖನದಲ್ಲೂ ‘ನಾವು’ ಅಂತಲೇ ಯಾಕೆ ಬರೆಯುತ್ತಾರೆ?

ಓದುಗರನ್ನೂ ಜೊತೆಗೆ ಸೇರಿಸಿಕೊಳ್ಳುವುದಕ್ಕೆ. ಗಣಿತದ ಲೇಖನದಲ್ಲಿ ‘ಈಗ ನಾವು ಎರಡೂ ಬದಿಯನ್ನು ಎರಡರಿಂದ ಭಾಗಿಸೋಣ’ ಅಂದರೆ ಬರೆದವರ ಜೊತೆ ನೀವೂ ಭಾಗಿಸುತ್ತೀರಿ, ಲೆಕ್ಕ ಸರಿಯಿದೆಯೇ ಅಂತ ಅಲ್ಲೇ ನೋಡಿಕೊಳ್ಳುತ್ತೀರಿ. ‘ನಾನು’ ಅಂದರೆ ಜಂಬ ಅನ್ನುವ ಅಳುಕೂ ಸ್ವಲ್ಪ ಇದೆ.

ತಕರಾರಿರುವುದು ‘ನಾವು ಮಾದರಿಯನ್ನು ಆರು ಗಂಟೆ ಕಾಯಿಸಿದೆವು’ ಅನ್ನುವಂಥ ವಾಕ್ಯದಲ್ಲಿ. ಮೊಸರಲ್ಲಿ ಕಲ್ಲು ಹುಡುಕುವ ನನ್ನಂಥವರು ಕೇಳದೆ ಬಿಡುವುದಿಲ್ಲ: ಸ್ವಾಮಿ, ನಾವಂತೂ ಅಲ್ಲಿರಲಿಲ್ಲ, ಆ ಇನ್ನೊಬ್ಬರು ಯಾರು?

ಇದಕ್ಕೆ ಸರಿಯಾದ ಉತ್ತರ ಕೊಟ್ಟವರು ಅಮೆರಿಕದ ಮಿಷಿಗನ್ ಸ್ಟೇಟ್ ವಿಶ್ವವಿದ್ಯಾಲಯದ ಭೌತವಿಜ್ಞಾನಿ ಜ್ಯಾಕ್ ಹೆದರಿಂಗ್ಟನ್. 1975ರಲ್ಲಿ ಹೀಲಿಯಂ-3 ಕುರಿತ ಲೇಖನವನ್ನು ‘ಫಿಸಿಕಲ್ ರಿವ್ಯೂ ಲೆಟರ್ಸ್’ ಎಂಬ ಸಂಶೋಧನಾ ಪತ್ರಿಕೆಗೆ ಕಳಿಸುವ ಮುನ್ನ ಸಹೋದ್ಯೋಗಿಯೊಬ್ಬರು ಎಚ್ಚರಿಸಿದರು: ಲೇಖಕ ಒಬ್ಬರೇ ಆದರೆ ‘ನಾವು’ ನಡೆಯುವುದಿಲ್ಲ. ಟೈಪ್‌ರೈಟರ್ ಕಾಲ, ತಿದ್ದುವುದೆಂದರೆ ಮತ್ತೆ ಟೈಪ್ ಮಾಡಬೇಕು. ಆ ಗೋಜೇ ಬೇಡವೆಂದು ಅವರು ತಮ್ಮ ಸಯಾಮಿ ಬೆಕ್ಕು ಚೆಸ್ಟರ್‌ನನ್ನು ‘ಎಫ್.ಡಿ.ಸಿ. ವಿಲ್ಲಾರ್ಡ್’ ಹೆಸರಲ್ಲಿ ಸಹಲೇಖಕನಾಗಿ ಸೇರಿಸಿಬಿಟ್ಟರು. ಲೇಖನ ಪ್ರಕಟವಾಯಿತು. ಕೆಲವು ಪ್ರತಿಗಳಿಗೆ ಸಹಲೇಖಕರ ಪಂಜದ ‘ಸಹಿ’ಯೂ ಬಿತ್ತು.