ಆರು ಕೈಕಾಲಿನ ಡ್ರ್ಯಾಗನ್‌ಗೆ ಎಷ್ಟು ಭುಜ?
ಓದುಗರ ಪ್ರಶ್ನೆ, ಚಿತ್ರಕಾರರ ಉತ್ತರ

ಫ್ಯಾಂಟಸಿ ಚಿತ್ರ ಬಿಡಿಸುವವರಿಂದ ಪ್ರಶ್ನೆ ಕರೆದಿದ್ದೆವು. ಬಂದವುಗಳಲ್ಲಿ ಹೆಚ್ಚಿನವು ದುರ್ಗ ಮತ್ತು ದಾವಣಗೆರೆ ಕಡೆಯವು. ಅವುಗಳಲ್ಲಿ ಐದು ಇಲ್ಲಿವೆ.

ಪಿಯುಸಿ ಓದುತ್ತಿದ್ದೇನೆ. ಡ್ರ್ಯಾಗನ್, ಕೋಟೆ, ಮಂತ್ರವಾದಿ ಇಂಥವನ್ನೇ ಬಿಡಿಸುತ್ತೇನೆ. ಏನು ಮಾಡಿದರೂ "ಪಿಂಟರೆಸ್ಟ್‌ನಲ್ಲಿ ನೋಡಿದ ಹಾಗಿದೆ" ಅಂತಾರೆ. ಹೊಸ ಐಡಿಯಾ ಎಲ್ಲಿಂದ ತರಲಿ?
– ವಿದ್ಯಾರ್ಥಿ, ಚಿತ್ರದುರ್ಗ

ತೊಂದರೆ ಇರುವುದು ನೀವು ಏನನ್ನು ನೋಡಿ ಬರೆಯುತ್ತೀರಿ ಅನ್ನುವುದರಲ್ಲಿ. ಪಿಂಟರೆಸ್ಟ್‌ನ ಡ್ರ್ಯಾಗನ್ ಅಂದರೆ ಇನ್ಯಾರೋ ಹಲ್ಲಿ, ಬಾವಲಿ, ಮೊಸಳೆಗಳನ್ನು ನೋಡಿ, ಬೇಕಾದ್ದು ಇಟ್ಟುಕೊಂಡು ಬೇಡದ್ದು ಬಿಟ್ಟು ಮುಗಿಸಿದ ಚಿತ್ರ. ಅದನ್ನು ನೋಡಿ ಬರೆದರೆ ಅವರು ಬಿಟ್ಟದ್ದು ನಿಮಗೆ ಸಿಗುವುದೇ ಇಲ್ಲ.

ಏಳು ಸುತ್ತಿನ ಕೋಟೆಯ ಕೆಳಗೆ ಮನೆ ಇಟ್ಟುಕೊಂಡು ಯುರೋಪಿನ ಚೂಪು ಗೋಪುರ ಬರೆಯುವ ಹುಡುಗರು ದುರ್ಗದಲ್ಲಿ ಕಡಿಮೆಯಿಲ್ಲ! ಹಾಗಂತ ಇಡೀ ಕೋಟೆಯ ನೋಟ ಬರೆಯಲು ಕೂರಬೇಡಿ, ಅದು ಕ್ಯಾಲೆಂಡರ್ ಚಿತ್ರವಾಗುತ್ತದೆ. ಕಟ್ಟಿದ ಗೋಡೆ ಹುಟ್ಟುಬಂಡೆಗೆ ಕೂಡುವ ಜಾಗಕ್ಕೆ ಹೋಗಿ. ಬಂಡೆಯ ಉಬ್ಬುತಗ್ಗಿಗೆ ತಕ್ಕಂತೆ ಕೆಳಗಿನ ಸಾಲಿನ ಕಲ್ಲು ಕೆತ್ತಿರುವುದನ್ನು ನೋಡಿ. ಕಲ್ಲು ಸೀಳಲು ಬೆಣೆ ಹೊಡೆದ ಗುಳಿಗಳ ಸಾಲು, ಬಂಡೆಯಲ್ಲಿ ಕಡಿದ ಕಾಲಿಡುವ ಗುರುತು, ನೇರವಾಗಿ ನುಗ್ಗಲಾಗದಂತೆ ತಿರುವಿನಲ್ಲಿಟ್ಟ ಬಾಗಿಲು, ಗುಂಡಿಯೊಳಗಿನ ಮದ್ದು ಅರೆಯುವ ದೊಡ್ಡ ಬೀಸುಕಲ್ಲುಗಳು ಎಲ್ಲವೂ ಯಾವುದೋ ಕೆಲಸಕ್ಕಾಗಿ ಹುಟ್ಟಿದ ಆಕಾರಗಳು. ಕೆಲಸ ಗೊತ್ತಾದರೆ ಆಕಾರ ಬದಲಿಸಬಹುದು: ಆನೆ ತಡೆಯಬೇಕಾದ ಬಾಗಿಲು ಹಾರುವ ಪ್ರಾಣಿಯನ್ನು ತಡೆಯಬೇಕಾದರೆ ಹೇಗಿದ್ದೀತು? ಕಲ್ಪನೆ ಶುರುವಾಗುವುದು ಈ ಪ್ರಶ್ನೆಯಿಂದ. ಹೊತ್ತು ಮುಖ್ಯ. ಬೆಳಿಗ್ಗೆ ಅಥವಾ ಸಂಜೆಯ ಓರೆ ಬಿಸಿಲಲ್ಲಿ ಕೆತ್ತನೆ ಎದ್ದು ಕಾಣುತ್ತದೆ. ನಡುಮಧ್ಯಾಹ್ನ ಎಲ್ಲವೂ ಚಪ್ಪಟೆ. ಎ4 ಹಾಳೆಯಲ್ಲಿ 12 ಚೌಕ ಹಾಕಿ, ಒಂದೊಂದಕ್ಕೆ 5 ನಿಮಿಷ ಮಾತ್ರ ಕೊಡಿ. ಅರ್ಧದಷ್ಟಾದರೂ ಸಂದುಗಳಿರಲಿ, ಅಂದರೆ ಒಂದು ವಸ್ತು ಇನ್ನೊಂದಕ್ಕೆ ಸೇರುವ ಜಾಗ. ಕಲ್ಪನೆಯ ಚಿತ್ರ ಸುಳ್ಳೆನಿಸುವುದು ಹೆಚ್ಚಾಗಿ ಇಂಥ ಸಂದುಗಳಲ್ಲೇ.

ಪ್ರಾಣಿಗಳ ವಿಷಯದಲ್ಲೂ ಇದೇ. ನಾಲ್ಕು ಕಾಲು, ಎರಡು ರೆಕ್ಕೆಯ ಡ್ರ್ಯಾಗನ್‌ಗೆ ಆರು ಅಂಗಗಳು. ರೆಕ್ಕೆ ಅಂದರೆ ಮುಂಗಾಲೇ ಮಾರ್ಪಟ್ಟದ್ದು. ಹಾಗಾಗಿ ಮುಂಗಾಲಿನ ಭುಜದ ಜತೆ ರೆಕ್ಕೆಗೂ ಬೇರೆ ಭುಜದ ಮೂಳೆ, ಅದನ್ನು ಎಳೆಯುವ ಎದೆಯ ಮಾಂಸಖಂಡ ಬೇಕು. ಇವನ್ನು ಬಿಟ್ಟು ರೆಕ್ಕೆಯನ್ನು ಬೆನ್ನಿಗೆ ಅಂಟಿಸುವುದರಿಂದಲೇ ಅದು ಕಳಚಿ ಬೀಳುವಂತೆ ಕಾಣುತ್ತದೆ. ಕೋಳಿ ಅಂಗಡಿಯಲ್ಲಿ ಚರ್ಮ ತೆಗೆಯದ ಒಂದು ಇಡೀ ರೆಕ್ಕೆ ಕೇಳಿ ತನ್ನಿ. ತುದಿ ಹಿಡಿದು ನಿಧಾನ ಬಿಡಿಸಿ: ಭುಜದಿಂದ ಮಣಿಕಟ್ಟಿನವರೆಗೆ ಮುಂಭಾಗದಲ್ಲಿ ತೆಳು ಚರ್ಮದ ಪಟ್ಟಿಯೊಂದು ಬಿಗಿಯಾಗುತ್ತದೆ, ಮಡಚಿದರೆ ಸುಕ್ಕಾಗಿ ಒಳಸೇರುತ್ತದೆ. ಆ ಪಟ್ಟಿ ಬರೆಯದ ರೆಕ್ಕೆ ಹಲಗೆಯ ಹಾಗೆ ಕಾಣುತ್ತದೆ. ಬಾವಲಿಯ ರೆಕ್ಕೆ ಬೇಕಿದ್ದರೆ ಲೆಕ್ಕ ಬೇರೆ: ಹೆಬ್ಬೆರಳು ಬಿಡಿ, ಉಳಿದ ನಾಲ್ಕು ಉದ್ದ ಬೆರಳುಗಳು ಪೊರೆ ಹಿಡಿದಿರುತ್ತವೆ.

ಕೊಂಬಿಗೆ ಮಾದರಿ ಜಗಳೂರು ತಾಲ್ಲೂಕಿನಲ್ಲೇ ಇದೆ. ರಂಗಯ್ಯನದುರ್ಗದ ಅರಣ್ಯಧಾಮ ಇರುವುದೇ ಕೊಂಡುಕುರಿ ಎಂಬ ಜಿಂಕೆಯಂಥ ಪ್ರಾಣಿಗಾಗಿ. ಗಂಡಿಗೆ ಮಾತ್ರ ನಾಲ್ಕು ಕೊಂಬು. ಮುಂದಿನ ಜೋಡಿ ಮೋಟು, ಹಿಂದಿನದು ಉದ್ದ. ಅದು ನಾಚಿಕೆಯ ಪ್ರಾಣಿ, ಹೋದ ತಕ್ಷಣ ಕಾಣಿಸಿಕೊಳ್ಳುವುದಿಲ್ಲ. ಕೊಂಬಿಗೆ ಫೋಟೋ ನೋಡಿ, ನಿಲುವು ನಡಿಗೆಗೆ ಬೀದಿಯ ಮೇಕೆ ನೋಡಿ. ಕೊಂಬು ದೊಡ್ಡದು ಮಾಡಿದರೆ ಕುತ್ತಿಗೆಯನ್ನೂ ದಪ್ಪ ಮಾಡಿ, ಇಲ್ಲದಿದ್ದರೆ ತಲೆ ಎತ್ತಲಾರದ ಪ್ರಾಣಿಯಾಗುತ್ತದೆ. ಚಿತ್ರದುರ್ಗದ ಹತ್ತಿರದ ಆಡುಮಲ್ಲೇಶ್ವರ ಕಿರು ಮೃಗಾಲಯವೂ ಇದೆ. ಪ್ರಾಣಿ ಕದಲುತ್ತಲೇ ಇರುವುದರಿಂದ ಅಲ್ಲಿ ಪೂರ್ತಿ ಚಿತ್ರಕ್ಕೆ ಹೋಗದೆ ಅರ್ಧ ನಿಮಿಷದ ಗೆರೆಗಳಷ್ಟೇ ಸಾಕು.

ದಾವಣಗೆರೆಯಲ್ಲಿ ಬಿ.ವಿ.ಎ. (ದೃಶ್ಯಕಲೆಯ ಪದವಿ) ಎರಡನೇ ವರ್ಷ. ನಮ್ಮ ಮೇಷ್ಟ್ರು ಒಳ್ಳೆಯವರೇ, ಆದರೆ ಫ್ಯಾಂಟಸಿ ಅವರ ದಾರಿಯಲ್ಲ. ಗುರು ಅಂತ ಯಾರನ್ನು ಹುಡುಕಲಿ?
– ವಿದ್ಯಾರ್ಥಿನಿ, ದಾವಣಗೆರೆ

ಎಲ್ಲವನ್ನೂ ಒಬ್ಬರೇ ಕಲಿಸಬೇಕೆಂದು ಕಾಯಬೇಡಿ. ನಿಮ್ಮ ಚಿತ್ರದಲ್ಲಿ ಮೈಕಟ್ಟು, ಬೆಳಕು, ಚೌಕಟ್ಟಿನೊಳಗಿನ ಜೋಡಣೆ ಸರಿಯಿಲ್ಲದಿದ್ದರೆ ಅದನ್ನು ಹೇಳಲು ಫ್ಯಾಂಟಸಿ ಗೊತ್ತಿರಬೇಕಿಲ್ಲ. "ಸರ್, ಇದು ರಾಕ್ಷಸ, ಹೇಗಿದೆ?" ಅಂದರೆ ಮೇಷ್ಟ್ರು ನಕ್ಕು ಸುಮ್ಮನಾಗುತ್ತಾರೆ. "ಸರ್, ಭಾರ ಎಡಗಾಲ ಮೇಲಿದೆ, ಸೊಂಟ ಓರೆಯಾಗಿರೋದು ಸರಿಯಾ?" ಅಂದರೆ ಪೆನ್ಸಿಲ್ ಕೈಗೆ ತೆಗೆದುಕೊಳ್ಳುತ್ತಾರೆ. ಶಿಲ್ಪ ಕಲಿಯುವ ಗೆಳೆಯರಿದ್ದರೆ ಇನ್ನೂ ಒಳ್ಳೆಯದು: ತಂತಿಯ ಚೌಕಟ್ಟಿಗೆ ಒಂದು ಕೆ.ಜಿ. ಜೇಡಿಮಣ್ಣು ಮೆತ್ತಿ ತಲೆ ಮಾಡಿಕೊಂಡರೆ, ಟೇಬಲ್ ಲ್ಯಾಂಪ್ ಹಿಡಿದು ಯಾವ ದಿಕ್ಕಿನ ಬೆಳಕನ್ನಾದರೂ ನೋಡಿ ಬರೆಯಬಹುದು. ಉಡುಪು, ಆಭರಣಕ್ಕೆ ದೊಡ್ಡಾಟದ ಮೇಳದವರ ಹತ್ತಿರ ಹೋಗಿ. ಭುಜಕೀರ್ತಿ ಯಾವುದಕ್ಕೆ ಕಟ್ಟಿ ನಿಲ್ಲಿಸುತ್ತಾರೆ, ಕಿರೀಟದ ಭಾರ ಎಲ್ಲಿ ಕೂರುತ್ತದೆ ಅನ್ನುವುದು ಕಟ್ಟಿಕೊಂಡು ಕುಣಿಯುವವರಿಗೇ ಗೊತ್ತು.

ಇಷ್ಟಾದ ಮೇಲೆ ಉಳಿಯುವುದು ವೃತ್ತಿಯ ಮಾತು: ಗೇಮ್ ಸ್ಟುಡಿಯೋ, ಪುಸ್ತಕದ ಮುಖಪುಟ, ಕಾನ್ಸೆಪ್ಟ್ ಆರ್ಟ್ (ಗೇಮ್, ಸಿನಿಮಾ ಮಾಡುವ ಮುಂಚೆ ಪಾತ್ರ, ಜಾಗ ಹೇಗಿರಬೇಕೆಂದು ಬರೆಯುವ ಚಿತ್ರ). ಅದಕ್ಕೆ ಆ ಕೆಲಸ ಮಾಡುತ್ತಿರುವವರೇ ಬೇಕು. ನೀವು ತಲುಪಬೇಕಾದ ಹಂತದಲ್ಲಿರುವ ದೊಡ್ಡ ಹೆಸರಿಗಿಂತ ನಿಮಗಿಂತ ಮೂರು ನಾಲ್ಕು ವರ್ಷ ಮುಂದಿರುವವರು ಉತ್ತರಿಸುವ ಸಾಧ್ಯತೆ ಹೆಚ್ಚು. ಸಂದೇಶ ಚಿಕ್ಕದಿರಲಿ: "ನಮಸ್ಕಾರ. ದಾವಣಗೆರೆಯಲ್ಲಿ ಬಿ.ವಿ.ಎ. ಓದುತ್ತಿದ್ದೇನೆ. ನಿಮ್ಮ ಕಾಡಿನ ಸರಣಿಯಲ್ಲಿ ದೂರದ ಮರಗಳನ್ನು ತಿಳಿ ಮಾಡಿದ ಬಗೆ ನೋಡಿ ಈ ಚಿತ್ರ ಮಾಡಿದೆ. ಮಧ್ಯದ ಬಂಡೆ ಹಿಂದಕ್ಕೆ ಹೋಗುತ್ತಿಲ್ಲ. ಬಣ್ಣದ ತಪ್ಪೋ, ಅಂಚಿನ ತಪ್ಪೋ? ಬಿಡುವಾದಾಗ ಒಂದು ಸಾಲು ಹೇಳಿದರೂ ಸಾಕು." ಜತೆಗೆ ಒಂದೇ ಚಿತ್ರ. "ನನ್ನ ಗುರುವಾಗಿ" ಅಂತ ಮೊದಲ ಪತ್ರದಲ್ಲೇ ಕೇಳಬೇಡಿ. ಗುರುತಿಲ್ಲದವರ ಮೇಲೆ ಅದು ಭಾರ. ಹೇಳಿದ್ದನ್ನು ತಿದ್ದಿ, ತಿದ್ದಿದ್ದನ್ನು ಕಳಿಸಿ. ಸಂಬಂಧ ಬೆಳೆಯುವುದು ಆ ಎರಡನೇ ಚಿತ್ರದಿಂದ. ಉತ್ತರ ಬರದಿದ್ದರೆ ತಿಂಗಳ ನಂತರ ಒಮ್ಮೆ ನೆನಪಿಸಿ, ಆಮೇಲೆ ಬಿಟ್ಟುಬಿಡಿ.

ದುಡ್ಡು ಕೊಟ್ಟು ಆನ್‌ಲೈನ್ ಮೆಂಟರ್‌ಶಿಪ್ ಸೇರುವುದಾದರೆ ಮೊದಲೇ ಕೇಳಿ: ನನ್ನ ಚಿತ್ರವನ್ನು ಎಷ್ಟು ಬಾರಿ ನೋಡುತ್ತೀರಿ, ನೀವೇ ನೋಡುತ್ತೀರೋ ಸಹಾಯಕರೋ, ಹಳೆಯ ಶಿಷ್ಯರ ಮೊದಲಿನ ಮತ್ತು ನಂತರದ ಕೆಲಸ ತೋರಿಸುತ್ತೀರಾ? ರೆಕಾರ್ಡ್ ಮಾಡಿದ ವಿಡಿಯೋ ಮಾತ್ರ ಇದ್ದರೆ ಅದು ಪಾಠವಾದೀತು, ಗುರುತನವಲ್ಲ.

ಮುಖಾಮುಖಿ ಸಿಗಬೇಕಿದ್ದರೆ ಬೆಂಗಳೂರಿನ ಚಿತ್ರಕಲಾ ಪರಿಷತ್ತು ಪ್ರತಿ ಜನವರಿಯ ಒಂದು ಭಾನುವಾರ ನಡೆಸುವ ಚಿತ್ರಸಂತೆ ಇದೆ. ಫ್ಯಾಂಟಸಿಯವರು ಹೆಚ್ಚು ಸೇರುವುದು ಬೆಂಗಳೂರು ಕಾಮಿಕ್ ಕಾನ್‌ನಲ್ಲಿ, ಚಿತ್ರಕಾರರು ತಮ್ಮದೇ ಮೇಜು ಹಾಕಿ ಕೂರುವ ಸಾಲಿನಲ್ಲಿ. ಮಧ್ಯಾಹ್ನದ ನೂಕುನುಗ್ಗಲಲ್ಲಿ ಅವರಿಗೆ ವ್ಯಾಪಾರದ ಹೊತ್ತು. ಬಾಗಿಲು ತೆರೆದ ಕೂಡಲೇ ಹೋಗಿ. ಫೈಲ್‌ನಲ್ಲಿ 10–12 ಚಿತ್ರ ಸಾಕು, ಎರಡು ಪುಟ ಕಚ್ಚಾ ಸ್ಕೆಚ್ ಇರಲಿ. ಅನುಮಾನವಿರುವ ಚಿತ್ರವನ್ನು ತೆಗೆದುಬಿಡಿ: ನೋಡುವವರು ನಿಮ್ಮನ್ನು ಅಳೆಯುವುದು ಕೊನೆಯ ದರ್ಜೆಯ ಚಿತ್ರದಿಂದ. ಮೊಬೈಲ್‌ನಲ್ಲಿ ತೋರಿಸುವುದಾದರೆ ಡೌನ್‌ಲೋಡ್ ಮಾಡಿಟ್ಟುಕೊಳ್ಳಿ, ಜನಜಂಗುಳಿಯಲ್ಲಿ ನೆಟ್‌ವರ್ಕ್ ಕೈಕೊಡುತ್ತದೆ. ಕೇಳುವುದು ಒಂದೇ ಪ್ರಶ್ನೆ: "ಇದನ್ನು ನೋಡಿ ನನಗೆ ಕೆಲಸ ಕೊಡದಿರಲು ಮುಖ್ಯ ಕಾರಣ ಯಾವುದು?"

ಇನ್‌ಸ್ಟಾಗ್ರಾಮ್‌ನಲ್ಲಿ ಹಾಕಿದರೆ ಎಲ್ಲರೂ "ಸೂಪರ್", "ಬೆಂಕಿ" ಅಂತಾರೆ. ತಪ್ಪು ಯಾರೂ ಹೇಳಲ್ಲ.
– ಗೃಹಿಣಿ, ಚಳ್ಳಕೆರೆ

"ಹೇಗಿದೆ?" ಅಂತ ಕೇಳಿದರೆ "ಸೂಪರ್" ಅಂತಲೇ ಬರುತ್ತದೆ, ಅದು ಮರ್ಯಾದೆಯ ಉತ್ತರ. ಪ್ರಶ್ನೆ ಬದಲಿಸಿ. ಮನೆಯವರಿಗೆ ಚಿತ್ರವನ್ನು 5 ಸೆಕೆಂಡ್ ತೋರಿಸಿ, ಮುಚ್ಚಿ, "ಏನು ಕಂಡಿತು, ಮೊದಲು ಎಲ್ಲಿ ನೋಡಿದಿರಿ?" ಅನ್ನಿ. ನೀವು ಬರೆದದ್ದು ದೇವತೆ, ಅವರಿಗೆ ಕಂಡದ್ದು ಹಿಂದಿನ ಮರವಾದರೆ ಉತ್ತರ ಸಿಕ್ಕಿತು. ಚಿತ್ರಕಲೆ ಗೊತ್ತಿಲ್ಲದವರೇ ಇದಕ್ಕೆ ಹೆಚ್ಚು ಉಪಯೋಗ.

ಹೊರಗೆ ತೋರಿಸುವ ಮುಂಚೆ ನೀವೇ ಕೆಲವು ಪರೀಕ್ಷೆ ಮಾಡಿ. ಚಿತ್ರವನ್ನು ಕನ್ನಡಿಯಲ್ಲಿ ನೋಡಿ, ಓರೆಯಾದ ಕಣ್ಣು, ವಾಲಿದ ದವಡೆ ತಕ್ಷಣ ಕಾಣುತ್ತವೆ. ಫೋಟೋ ತೆಗೆದು ಅಂಚೆಚೀಟಿಯಷ್ಟು ಚಿಕ್ಕದು ಮಾಡಿ. ಏನೆಂದು ಗೊತ್ತಾಗದಿದ್ದರೆ ಹೊರರೇಖೆ ದುರ್ಬಲ. ಆಮೇಲೆ ಅದೇ ಫೋಟೋದ ಬಣ್ಣ ಪೂರ್ತಿ ತೆಗೆದು ಕಪ್ಪು–ಬಿಳಿ ಮಾಡಿ. ಕೆಂಪು ಸೀರೆ, ಹಸಿರು ಕಾಡು ಬಣ್ಣದಲ್ಲಿ ಬೇರೆ ಬೇರೆ; ಬೂದು ಮಾಡಿದಾಗ ಎರಡೂ ಒಂದೇ ಆಗಿ ವ್ಯಕ್ತಿ ಕಾಡಿನಲ್ಲಿ ಕರಗಿಹೋಗುವುದು ಬಹಳ ಸಾಮಾನ್ಯ. ಪರಿಹಾರಕ್ಕೆ ಬಣ್ಣ ಬದಲಿಸಬೇಕಿಲ್ಲ, ಒಂದನ್ನು ಎರಡು ಮೆಟ್ಟಿಲು ಗಾಢ ಮಾಡಿದರಾಯಿತು.

ತಿಳಿದವರಿಗೆ ತೋರಿಸುವುದು ಚಿತ್ರ ಮುಗಿದ ಮೇಲಲ್ಲ, ಮೂರನೇ ಒಂದು ಭಾಗ ಆದಾಗ. ಆಗ ತಿದ್ದಲು ಮನಸ್ಸೂ ಇರುತ್ತದೆ, ಜಾಗವೂ ಇರುತ್ತದೆ. ಜತೆಗೆ ಮೊದಲ ಚಿಕ್ಕ ಸ್ಕೆಚ್ ಮತ್ತು ನೋಡಿದ ಫೋಟೋ ಇಡಿ. ಮೂವರು ಒಂದೇ ಜಾಗ ತೋರಿಸಿದರೆ ಅಲ್ಲಿ ತೊಂದರೆ ಇರುವುದು ನಿಜ, ಆದರೆ ಅವರು ಹೇಳಿದ ಔಷಧಿಯೇ ಸರಿ ಅಂತಲ್ಲ. "ಕೈ ಚಿಕ್ಕದು" ಅಂದಾಗ ಎಷ್ಟೋ ಸಲ ತಪ್ಪು ಭುಜದಲ್ಲಿರುತ್ತದೆ.

ಎ.ಐ. ಮಾಡಿದ ಚಿತ್ರವನ್ನು ರೆಫರೆನ್ಸ್ ಆಗಿ ಇಟ್ಟುಕೊಳ್ಳಬಹುದಾ?
– ಹರಿಹರ

ಬೇಡ. ಕವಚದ ಬಕಲ್ ಎಲ್ಲಿಗೆ ಸೇರುತ್ತದೆ, ಪಟ್ಟಿ ಯಾವುದರ ಕೆಳಗೆ ಹೋಗುತ್ತದೆ ಅನ್ನುವುದು ಅದರಲ್ಲಿ ಎಷ್ಟೋ ಸಲ ತಪ್ಪಿರುತ್ತದೆ, ನೀವು ಆ ತಪ್ಪನ್ನೇ ಕಲಿಯುತ್ತೀರಿ. ನಿಮ್ಮೂರಿನ ಹರಿಹರೇಶ್ವರ ದೇವಸ್ಥಾನದ ಕಂಬಗಳ ಮುಂದೆ ಒಂದು ತಾಸು ಕೂತರೆ ಇದಕ್ಕಿಂತ ಹೆಚ್ಚು ಸಿಗುತ್ತದೆ.

ಸ್ಥಳೀಯ ಪ್ರಕಾಶಕರೊಬ್ಬರು ಮಕ್ಕಳ ಕಾದಂಬರಿಗೆ ಮುಖಪುಟ ಕೇಳಿದ್ದಾರೆ. "ಹೆಸರು ಹಾಕ್ತೀವಿ, ಹತ್ತು ಪ್ರತಿ ಕೊಡ್ತೀವಿ" ಅಂತಾರೆ. ಒಪ್ಪಿಕೊಳ್ಳಲೇ?
– ಹೊಳಲ್ಕೆರೆ

ಒಪ್ಪುವುದು ಬಿಡುವುದು ನಿಮಗೆ ಬಿಟ್ಟದ್ದು. ನಮ್ಮ ಅಭಿಪ್ರಾಯ, ಚಿಕ್ಕ ಮೊತ್ತವಾದರೂ ದುಡ್ಡು ಕೇಳಿ, ಅದರಲ್ಲಿ ಅರ್ಧದಷ್ಟು ಸ್ಕೆಚ್ ಒಪ್ಪಿದಾಗಲೇ ಬರಲಿ. ತಿದ್ದುಪಡಿ ಎರಡು ಸಲ ಮಾತ್ರ ಅಂತ ಮೊದಲೇ ಬರೆದುಕೊಳ್ಳಿ, ಇಲ್ಲದಿದ್ದರೆ ಸ್ಕೆಚ್ ಹಂತ ಮುಗಿಯುವುದೇ ಇಲ್ಲ. ಹಕ್ಕು ವರ್ಗಾಯಿಸುವುದಾದರೆ ಅದು ಬರವಣಿಗೆಯಲ್ಲಿ, ಸಹಿಯೊಂದಿಗೆ ಇರಬೇಕು. 1957ರ ಕೃತಿಸ್ವಾಮ್ಯ ಕಾಯ್ದೆಯ 19ನೇ ಸೆಕ್ಷನ್ ಪ್ರಕಾರ ಅವಧಿ ನಮೂದಿಸದಿದ್ದರೆ ವರ್ಗಾವಣೆ 5 ವರ್ಷಕ್ಕೆ, ಪ್ರದೇಶ ನಮೂದಿಸದಿದ್ದರೆ ಭಾರತಕ್ಕೆ ಸೀಮಿತ ಎಂದೇ ಲೆಕ್ಕ. "ಈ ಪುಸ್ತಕದ ಕನ್ನಡ ಮುದ್ರಣಕ್ಕೆ ಮಾತ್ರ" ಅಂತ ಬರೆಸಿಕೊಂಡರೆ ಅದೇ ಚಿತ್ರದ ಪ್ರಿಂಟ್ ನೀವೇ ಮಾರಬಹುದು.

ಫೈಲ್ ವಿಷಯ: 5.5 × 8.5 ಇಂಚಿನ ಪುಸ್ತಕವಾದರೆ 300 ಡಿಪಿಐನಲ್ಲಿ (ಒಂದು ಇಂಚಿಗೆ 300 ಚುಕ್ಕಿ) 1650 × 2550 ಪಿಕ್ಸೆಲ್. ಸುತ್ತ 3 ಮಿ.ಮೀ. ಕತ್ತರಿಸುವ ಅಂಚು ಸೇರಿಸಿದರೆ ಸುಮಾರು 1720 × 2620. ಪರದೆಯ ಮೇಲೆ ಹೊಳೆಯುವ ನೀಲಿ, ಹಸಿರು ಮುದ್ರಣದಲ್ಲಿ ಮಂಕಾಗುತ್ತವೆ, ಆ ಹೊಳಪು ಮುದ್ರಣದ ಸಿಎಂವೈಕೆ (ತಿಳಿನೀಲಿ, ಮಜೆಂಟಾ, ಹಳದಿ, ಕಪ್ಪು) ಶಾಯಿಯಲ್ಲಿ ಇಲ್ಲ. ಪ್ರೆಸ್‌ನಿಂದ ಒಂದು ಪ್ರೂಫ್ ತರಿಸಿಕೊಂಡು ನೋಡಿದ ಮೇಲಷ್ಟೇ ಒಪ್ಪಿಗೆ ಕೊಡಿ.