ಶೀಟಿನ ಮೇಲೆ ಕಲ್ಲು ಹೇರಿದರೆ ಗಾಳಿಗೆ ನಿಲ್ಲುತ್ತಾ?

ಪ್ರಶ್ನೆ: ಲಗ್ಗೆರೆಯಲ್ಲಿ ನಮ್ಮದು ಮೂರಂತಸ್ತಿನ ಮನೆ. ಬಟ್ಟೆ ಒಣಗಿಸಲು ಅಂತ ಟೆರೇಸಿನಲ್ಲಿ ಪೈಪ್ ನಿಲ್ಲಿಸಿ ಕಲರ್ ಶೀಟ್ ಹಾಕಿಸಿದ್ದೇವೆ. ಮೇ ತಿಂಗಳ ಮಳೆಗಾಳಿಗೆ ಒಂದು ಮೂಲೆ ರಾತ್ರಿಯೆಲ್ಲ ಪಟಪಟ ಬಡಿಯಿತು. ಹಾಕಿಕೊಟ್ಟವರನ್ನು ಕೇಳಿದರೆ ‘ನಾಲ್ಕು ಹಾಲೋ ಬ್ಲಾಕ್ ಇಡಿ ಸಾರ್, ಏನೂ ಆಗಲ್ಲ’ ಅಂತಾರೆ. ಇಡಬಹುದಾ?

ಉತ್ತರ: ಬೇಡ. ಈಗಾಗಲೇ ಇಟ್ಟಿದ್ದರೆ ಗಾಳಿ ಇಲ್ಲದ ದಿನ ನೋಡಿ ಇಳಿಸಿಬಿಡಿ. ಶೀಟ್ ಎದ್ದರೆ ಆ ಬ್ಲಾಕು ಮೂರನೇ ಮಹಡಿಯಿಂದ ಬೀದಿಗೆ ಬೀಳುತ್ತದೆ, ಕೆಳಗೆ ಯಾರು ನಿಂತಿರುತ್ತಾರೋ ಏನೋ.

ಗಾಳಿ ಶೀಟನ್ನು ಕೆಳಕ್ಕೆ ಒತ್ತುತ್ತದೆ ಅಂತ ಬಹಳ ಜನ ಅಂದುಕೊಂಡಿದ್ದಾರೆ. ಜಾಸ್ತಿ ಸಲ ಆಗುವುದು ಉಲ್ಟಾ. ಶೀಟಿನ ಮೇಲೆ ಗಾಳಿ ಜೋರಾಗಿ ಹರಿದಾಗ ಅಲ್ಲಿ ಒತ್ತಡ ಇಳಿದು ಶೀಟನ್ನು ಮೇಲಕ್ಕೆ ಎಳೆಯುತ್ತದೆ, ನಿಮ್ಮದರ ಹಾಗೆ ಸುತ್ತ ಗೋಡೆ ಇಲ್ಲದಿದ್ದರೆ ಕೆಳಗಿನಿಂದಲೂ ಗಾಳಿ ನುಗ್ಗಿ ನೂಕುತ್ತದೆ. ಹತ್ತು ಅಡಿ ಉದ್ದ, ಮೂರೂವರೆ ಅಡಿ ಅಗಲದ ಅರ್ಧ ಎಂಎಂ ಶೀಟಿನ ತೂಕ 15 ಕೆಜಿಯೂ ಇರುವುದಿಲ್ಲ. ಗಂಟೆಗೆ 60 ಕಿ.ಮೀ. ಗಾಳಿ ಅದನ್ನು ಸುಮಾರು 50 ಕೆಜಿ ಬಲದಲ್ಲಿ ಎತ್ತಬಲ್ಲದು. ವೇಗ ಎರಡು ಪಟ್ಟಾದರೆ ಬಲ ನಾಲ್ಕು ಪಟ್ಟಾಗುತ್ತದೆ, ಅಂದರೆ 200 ಕೆಜಿ. ಅಂಚು, ಮೂಲೆಗಳಲ್ಲಿ ಇನ್ನೂ ಜಾಸ್ತಿ. ನಿಮ್ಮಲ್ಲಿ ಬಡಿದಿದ್ದೂ ಮೂಲೆಯೇ ಅಲ್ವಾ?

ಬೆಂಗಳೂರಿಗೆ ಚಂಡಮಾರುತ ಎಲ್ಲಿಂದ ಬರಬೇಕು ಅಂತ ಕೇಳುವವರಿದ್ದಾರೆ. ನಿಜ, ಕಟ್ಟಡ ಎಷ್ಟು ಭಾರ, ಗಾಳಿ ತಡೆಯಬೇಕು ಅಂತ ಹೇಳುವ ಭಾರತೀಯ ಮಾನದಂಡ ಐಎಸ್ 875ರ ಗಾಳಿ ನಕ್ಷೆಯಲ್ಲಿ ನಮ್ಮ ಊರು ಎಲ್ಲಕ್ಕಿಂತ ಕಡಿಮೆ ವೇಗದ ವಲಯದಲ್ಲಿದೆ. ಆ ಕಡಿಮೆ ವೇಗವೇ ಸೆಕೆಂಡಿಗೆ 33 ಮೀಟರ್, ಗಂಟೆಗೆ ಸುಮಾರು 119 ಕಿ.ಮೀ.! ಕಟ್ಟಡ ಅಷ್ಟಕ್ಕೆ ತಡೆಯಬೇಕು ಅಂತ ಲೆಕ್ಕ.

ಹಾಗಾಗಿ ಹಿಡಿದು ನಿಲ್ಲಿಸಬೇಕಾದದ್ದು ತೂಕ ಅಲ್ಲ, ಸ್ಕ್ರೂ. ಸ್ಕ್ರೂ ಅಡ್ಡ ಪೈಪನ್ನು, ಅಡ್ಡ ಪೈಪು ಕಂಬವನ್ನು, ಕಂಬ ಮೋಲ್ಡನ್ನು, ಅಂದರೆ ಟೆರೇಸಿನ ಕಾಂಕ್ರೀಟನ್ನು, ಹಿಡಿದಿರಬೇಕು. ಎಲ್ಲಿ ಸಡಿಲವೋ ಅಲ್ಲಿಂದ ಕಿತ್ತು ಬರುತ್ತದೆ. ಹಗಲು ಹೊತ್ತು ಶೀಟಿನ ಕೆಳಗೆ ನಿಂತು ಸುಮ್ನೆ ತಲೆ ಎತ್ತಿ ನೋಡಿ. ಸ್ಕ್ರೂ ಪಕ್ಕದಲ್ಲಿ ಬೆಳಕಿನ ಚುಕ್ಕೆ ಕಂಡರೆ ತೂತು ಅಗಲವಾಗಿದೆ ಅಂತ ಅರ್ಥ. ತಲೆಯ ಕೆಳಗಿನ ರಬ್ಬರ್ ವಾಷರ್ ಸೀಳಿದೆಯಾ, ಸ್ಕ್ರೂನಿಂದ ತುಕ್ಕಿನ ಕೆಂಪು ಗೆರೆ ಇಳಿದಿದೆಯಾ ನೋಡಿ. ಪೈಪು ಪೈಪು ಸೇರುವ ವೆಲ್ಡಿಂಗ್ ಹತ್ತಿರ ಬಣ್ಣ ಕೂದಲೆಳೆಯಷ್ಟು ಬಿರುಕು ಬಿಟ್ಟಿದ್ದರೂ ಬಿಡಬೇಡಿ. ಆಷಾಢದ ಗಾಳಿ ದಿನವೂ ಅಲ್ಲಾಡಿಸಿ ಅಲ್ಲಾಡಿಸಿ ಸಡಿಲ ಮಾಡಿಟ್ಟಿರುತ್ತದೆ, ಮೇ ತಿಂಗಳ ಒಂದು ಸಂಜೆಯ ಗಾಳಿ ಬಂದು ಕೆಲಸ ಮುಗಿಸುತ್ತದೆ.

ತೂತು ಅಗಲವಾಗಿದ್ದರೆ ಅದೇ ತೂತಿಗೆ ಹೊಸ ಸ್ಕ್ರೂ ತಿರುಗಿಸಿ ಪ್ರಯೋಜನವಿಲ್ಲ. ಪಕ್ಕದಲ್ಲಿ ಗಟ್ಟಿ ಜಾಗ ನೋಡಿ ಹಾಕಿಸಿ, ಹಳೇ ತೂತು ಮುಚ್ಚಿಸಿ. ಅಂಚಿನ ಪೈಪಿನಲ್ಲಿ ಶೀಟಿನ ಪ್ರತಿ ಉಬ್ಬಿಗೂ ಒಂದು ಸ್ಕ್ರೂ ಇರಲಿ, ಅಲ್ಲಿ ಜಿಪುಣತನ ಬೇಡ. ವಾಷರ್ ಒತ್ತಿಕೊಂಡು ಕೂತರೆ ಸಾಕು, ಹೊರಗೆ ಉಬ್ಬುವಷ್ಟು ಬಿಗಿ ಮಾಡಿದರೆ ಬಿಸಿಲಿಗೆ ಬೇಗ ಸೀಳುತ್ತದೆ. ಕೊರೆದಾಗ ಬೀಳುವ ಕಬ್ಬಿಣದ ಪುಡಿ ಗುಡಿಸಿ ಅಂತಲೂ ಹೇಳಿ, ಇಲ್ಲದಿದ್ದರೆ ಒಂದೇ ಮಳೆಗೆ ಶೀಟ್ ತುಂಬ ತುಕ್ಕಿನ ಚುಕ್ಕೆ.

ಮುಖ್ಯವಾಗಿ ಕಂಬಗಳು ಎಲ್ಲಿ ನಿಂತಿವೆ ನೋಡಿ. ನಾಲ್ಕಿಂಚಿನ ಪ್ಯಾರಪೆಟ್ ಗೋಡೆ ಮೇಲೆ ನಿಲ್ಲಿಸಿದ್ದರೆ, ನನ್ನನ್ನು ಕೇಳಿದರೆ, ಸ್ಕ್ರೂಗೆ ದುಡ್ಡು ಹಾಕುವ ಮೊದಲು ಅದನ್ನು ಸರಿಮಾಡಿಸಿ. ಜೋರು ಗಾಳಿಗೆ ಗೋಡೆ ಸಮೇತ ಬರುತ್ತದೆ. ಬೇಸ್ ಪ್ಲೇಟ್ ಇಟ್ಟು ಆಂಕರ್ ಬೋಲ್ಟಿನಿಂದ ಕಾಂಕ್ರೀಟಿಗೇ ಕಟ್ಟಿಸಬೇಕು.

ಪ್ರಶ್ನೆ: ಮಲ್ಲೇಶ್ವರದಲ್ಲಿ ಅಜ್ಜನ ಕಾಲದ ಮಂಗಳೂರು ಹೆಂಚಿನ ಮನೆ. ಪ್ರತಿ ಮಳೆಗಾಲ ಒಂದೆರಡು ಕಡೆ ಸೋರುತ್ತದೆ, ಹೆಂಚು ಒಡೆದಿಲ್ಲ. ಏನು ಕಾರಣ?

ಉತ್ತರ: ಹೆಂಚು ಸರಿದಿರುತ್ತದೆ. ಒಂದೊಂದು ಹೆಂಚು 2ರಿಂದ 3 ಕೆಜಿ ಇರುತ್ತದೆ, ಕೆಳಗಿನ ಮರದ ಪಟ್ಟಿಗೆ, ಅಂದರೆ ರೀಪಿಗೆ, ಬರೀ ಹಲ್ಲು ಕಚ್ಚಿಕೊಂಡು ಕೂತಿರುತ್ತದೆ ಅಷ್ಟೇ. ಗಾಳಿ ಕೆಳಗಿನ ಅಂಚನ್ನು ಸ್ವಲ್ಪ ಎತ್ತಿ ಬಿಟ್ಟರೆ ಜಾಗ ತಪ್ಪುತ್ತದೆ, ಸಂದಿಯಲ್ಲಿ ನೀರು ನುಗ್ಗುತ್ತದೆ. ರಸ್ತೆ ಆಚೆ ನಿಂತು ನೋಡಿ, ಸಾಲು ಎಲ್ಲಿ ಸೊಟ್ಟಗಾಗಿದೆಯೋ ಅಲ್ಲೇ ತೊಂದರೆ. ತುಂಬ ಹೆಂಚುಗಳ ಹಿಂದೆ ತಂತಿ ಕಟ್ಟಲು ಸಣ್ಣ ತೂತು ಇರುತ್ತದೆ, ಯಾರೂ ಕಟ್ಟುವುದಿಲ್ಲ! ಸೂರಿನ ಸಾಲು, ಎರಡೂ ಪಕ್ಕದ ಅಂಚು, ನೆತ್ತಿಯ ಪಕ್ಕದ ಸಾಲು ಇಷ್ಟನ್ನಾದರೂ ತಾಮ್ರದ ತಂತಿಯಲ್ಲಿ ರೀಪಿಗೆ ಕಟ್ಟಿಸಿ. ರೀಪು ಗೆದ್ದಲು ತಿಂದಿದ್ದರೆ ಮೊದಲು ಅದನ್ನು ಬದಲಾಯಿಸಿ. ಮರದ ಕೊಂಬೆ ಮೇಲೆ ಬಾಗಿದ್ದರೆ ನೀವೇ ಕಡಿಯಬೇಡಿ, ಪಾಲಿಕೆಯ ಅರಣ್ಯ ವಿಭಾಗಕ್ಕೆ ಅರ್ಜಿ ಕೊಡಿ.

ಪ್ರಶ್ನೆ: ನಮ್ಮದು ಮೋಲ್ಡ್ ಮನೆ. ಗಾಳಿಗೆ ಹೆದರಬೇಕಿಲ್ಲ ತಾನೇ?

ಉತ್ತರ: ಮೋಲ್ಡ್ ಎಲ್ಲಿಗೂ ಹೋಗುವುದಿಲ್ಲ. ಅದರ ಮೇಲಿರುವುದು ಹೋಗುತ್ತದೆ. ಖಾಲಿ ಪ್ಲಾಸ್ಟಿಕ್ ಟ್ಯಾಂಕು, ಬೋಲ್ಟ್ ಸಡಿಲವಾದ ಸೋಲಾರ್, ಹಳೇ ಡಿಶ್, ‘ಬೇಕಾಗಬಹುದು’ ಅಂತ ಮೂಲೆಗಿಟ್ಟ ತುಂಡು ಶೀಟು ಎಲ್ಲವನ್ನೂ ಮಾರ್ಚ್ ಒಳಗೆ ಕಟ್ಟಿ ಇಲ್ಲವೇ ಗುಜರಿಗೆ ಹಾಕಿ. ಏನಾದರೂ ಹಾರಿ ಕರೆಂಟ್ ತಂತಿ ಮೇಲೆ ಬಿದ್ದರೆ ಹತ್ತಿರ ಹೋಗದೆ ಬೆಸ್ಕಾಂನ 1912ಕ್ಕೆ ಫೋನ್ ಮಾಡಿ. ಮನೆಗೆ ವಿಮೆ ಇದ್ದರೆ, 2021ರಿಂದ ಬಂದಿರುವ ಭಾರತ್ ಗೃಹ ರಕ್ಷಾ ಪಾಲಿಸಿಯಲ್ಲಿ ಬಿರುಗಾಳಿಯ ಹಾನಿಯೂ ಸೇರಿದೆ. ಗುಡಿಸಿ ಸ್ವಚ್ಛ ಮಾಡುವ ಮೊದಲು ಫೋಟೋ ತೆಗೆದಿಟ್ಟುಕೊಳ್ಳಿ.